ಗಾರೆಯ ಮಾತೂ ಕಾಂಕ್ರೀಟಿನ ಪರಿಭಾಷೆಯೂ

ಶಾಸ್ತ್ರವಿಷಯಗಳ ಕನ್ನಡವನ್ನು ಸಾಹಿತ್ಯವಿಮರ್ಶೆಗೆ ಗುರಿಮಾಡುವ ವಾಡಿಕೆ ನಮ್ಮಲ್ಲಿ ಕಡಮೆ. ಹಳಗನ್ನಡ ಕಾವ್ಯದ ಒಂದು ಪಾಠ ಸಾಧುವೋ ಅಸಾಧುವೋ ಎಂದು ಪುಟಗಟ್ಟಲೆ ಚರ್ಚಿಸುವ ನಾವು, ಮನೆಯ ಮಾಳಿಗೆಯ ಭದ್ರತೆಯೇ ಯಾವ ಪದದ ತಿಳಿವಳಿಕೆಯನ್ನು ಅವಲಂಬಿಸಿದೆಯೋ ಅಂತಹ ಪದವನ್ನು ಇಂಜನಿಯರರ ಪಾಲಿಗೆ ಬಿಟ್ಟು ಸುಮ್ಮನಿರುವೆವು. ನಮ್ಮ ಹಿಂದಿನವರು ಹೀಗೆ ಎಣಿಸಲಿಲ್ಲ. ೧೯೩೧ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಪರವಾಗಿ ಪಂಪಭಾರತದ ಪರಿಷ್ಕರಣವನ್ನು ಹೊರತಂದ ಬೆಳ್ಳಾವೆ ವೆಂಕಟನಾರಣಪ್ಪನವರೇ ೧೯೧೮ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ನಡೆಸಿದವರು. ಪಂಪನ ಪದವನ್ನು ತೂಗಿದ ತಕ್ಕಡಿಯಲ್ಲಿಯೇ ಅವರು ಭೌತಶಾಸ್ತ್ರದ ಪದವನ್ನೂ ತೂಗಿದರು. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜನಿಯರಿಂಗ್ ಪದವಿಯ ಪಾಠಗಳನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಹೇಳಲು ಅನುಮತಿಯಿತ್ತ ಮೇಲಂತೂ ಈ ತಕ್ಕಡಿಯನ್ನು ಮತ್ತೆ ಕೈಗೆತ್ತಿಕೊಳ್ಳುವುದು ಕನ್ನಡದ ಅಧ್ಯಾಪಕರಿಗೂ ಸೇರಿದ ಕೆಲಸವಾಗಿದೆ.

ಪ್ರಕೃತ ಪರೀಕ್ಷೆಗೆ ಎತ್ತಿಕೊಂಡಿರುವುದು ಎರಡು ಮಾತುಗಳು. ಒಂದು, 'ಸ್ವಯಂ ಸಾಂದ್ರೀಕರಣ ಕಾಂಕ್ರೀಟು'. ಇನ್ನೊಂದು, 'ಖನಿಜ ಸೇರ್ಪಡೆ'. ಇವೆರಡೂ ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಬಂದವು. ಎರಡರಲ್ಲಿಯೂ ವ್ಯಾಕರಣದೋಷವೇನೂ ಇಲ್ಲ. ಆದರೆ ಇವನ್ನು ಓದಿದವನು ತಾನು ಓದಿದ ವಸ್ತುವನ್ನು ಅರಿಯಲಾರನು, ಅಷ್ಟೇ ಅಲ್ಲ, ತಪ್ಪಾಗಿ ಅರಿಯುವನು ಎಂಬುದೇ ನಮ್ಮ ಆಕ್ಷೇಪ.

ಮೊದಲು ವಸ್ತುವನ್ನು ತಿಳಿಯೋಣ. ಸಿಮೆಂಟು, ಉಸುಕು, ಖಡಿ, ನೀರು ಇವನ್ನು ಕಲಸಿ ಅಚ್ಚಿಗೆ ಹೊಯ್ದಾಗ ಅದರೊಳಗೆ ಗಾಳಿ ಸಿಕ್ಕಿಕೊಳ್ಳುವುದು. ಸಲಾಕೆಯಿಂದ ತಿವಿದೋ ವೈಬ್ರೇಟರ್ ಎಂಬ ನಡುಗಿಸುವ ಯಂತ್ರವನ್ನು ಇಳಿಬಿಟ್ಟೋ ಆ ಗಾಳಿಯನ್ನು ಹೊರಡಿಸದಿದ್ದರೆ ಒಳಗೆ ಜೇನುಹುಟ್ಟಿನಂತೆ ತೂತುಗಳುಳಿಯುವುವು. ನೂರರಲ್ಲಿ ಐದು ಪಾಲು ತೂತು ಉಳಿದರೆ ಬಲದಲ್ಲಿ ಸುಮಾರು ಮೂವತ್ತು ಪಾಲು ಹೋಯಿತೆಂಬುದು ಈ ಶಾಸ್ತ್ರದಲ್ಲಿ ಬಹುಕಾಲದಿಂದ ಒಪ್ಪಿರುವ ಲೆಕ್ಕ. ಈ ತಿವಿಯುವ ಕೆಲಸವು ಕೂಲಿಯವನ ಕೈಯನ್ನೂ ಅವನ ತಾಳ್ಮೆಯನ್ನೂ ನೆಚ್ಚಿರುವುದರಿಂದ, ಕುಶಲರಾದ ಕೆಲಸಗಾರರ ಕೊರತೆ ಬಿದ್ದ ಜಪಾನಿನಲ್ಲಿ ಹಾಜಿಮೆ ಒಕಾಮುರ ಎಂಬ ಪ್ರಾಧ್ಯಾಪಕರು ೧೯೮೬ರಲ್ಲಿ, ಯಾರೂ ತಿವಿಯದೆಯೇ ತನ್ನ ಭಾರದಿಂದಲೇ ಹರಿದು, ಕಬ್ಬಿಣದ ಸರಳುಗಳ ಸಂದಿಯಲ್ಲಿ ನುಸುಳಿ, ಮೂಲೆಮೂಲೆಯನ್ನೂ ತುಂಬುವ ಕಾಂಕ್ರೀಟಿನ ಕಲ್ಪನೆಯನ್ನು ಮುಂದಿಟ್ಟರು. ೧೯೮೮ರಲ್ಲಿ ಅದರ ಮೊದಲ ಮಾದರಿ ಸಿದ್ಧವಾಯಿತು.

ಇಲ್ಲಿಯ ತೊಡಕು ಏನೆಂಬುದನ್ನು ಅಡಿಗೆಮನೆಯ ದೃಷ್ಟಾಂತದಿಂದ ಹೇಳುವುದೇ ಸುಲಭ. ನೀರುಮಜ್ಜಿಗೆಗೆ ಜೋಳದ ನುಚ್ಚು ಹಾಕಿದರೆ ಮಜ್ಜಿಗೆ ಚೆನ್ನಾಗಿ ಹರಿಯುವುದು, ನುಚ್ಚು ಮಾತ್ರ ತಳ ಹಿಡಿಯುವುದು. ಹಿಟ್ಟು ಕದಡಿ ಕಾಸಿದ ಅಂಬಲಿಯಲ್ಲಿ ಹಾಕಿದರೆ ಅಂಬಲಿಯೂ ಹರಿಯುವುದು, ನುಚ್ಚನ್ನೂ ಹೊತ್ತುಕೊಂಡು ಹೋಗುವುದು. ತೆಳುವಾಗುವುದು ಬೇರೆ, ಹರಿಯುವುದು ಬೇರೆ. ಕಾಂಕ್ರೀಟಿಗೆ ನೀರು ಹೆಚ್ಚಿಸಿದರೆ ಅದು ತೆಳುವಾಗುವುದು. ಖಡಿ ಕೆಳಗಿಳಿದು, ಸಿಮೆಂಟಿನ ಹಾಲು ಮೇಲೆ ತೇಲಿ, ಗಟ್ಟಿಯಾದ ಮೇಲೆ ಬಲವೂ ಹೋಗುವುದು. ಹರಿಯಬೇಕಾದರೆ ನೀರನ್ನು ಬಿಗಿಹಿಡಿದು, ಅತ್ಯಲ್ಪ ಪ್ರಮಾಣದ ಒಂದು ರಸಾಯನದಿಂದ ಕಣಗಳನ್ನು ಬಿಡಿಸಿ, ಅಂಬಲಿಗೆ ಹಿಟ್ಟಿನಂತೆ ನುಣುಪಾದ ಪುಡಿಯನ್ನು ಹೆಚ್ಚಿಸಬೇಕು. ೨೦೦೫ರ ಯುರೋಪಿನ ಮಾರ್ಗದರ್ಶಿಯ ಪ್ರಕಾರ ಒಂದು ಘನಮೀಟರಿಗೆ ೩೮೦ರಿಂದ ೬೦೦ ಕಿಲೋಗ್ರಾಂವರೆಗೆ ಪುಡಿ ಬೇಕು. ಅಷ್ಟನ್ನೂ ಸಿಮೆಂಟಿನಿಂದಲೇ ತುಂಬಿದರೆ ಬಿಸಿಯೇರಿ ಬಿರುಕು ಬಿಡುವುದು, ಹಣವೂ ಸಲ್ಲುವುದು. ಮೇಲಾಗಿ ನಮ್ಮ ದೇಶದ ೨೦೦೦ದ ಪ್ರಮಾಣಗ್ರಂಥವು, ವಿಶೇಷವಾಗಿ ವಿಚಾರಮಾಡದ ಹೊರತು, ಸಿಮೆಂಟಿನ ಪಾಲು ೪೫೦ ಕಿಲೋಗ್ರಾಂ ಮೀರಕೂಡದೆಂದು ವಿಧಿಸಿತು. ಆದಕಾರಣ ಉಳಿದ ಪುಡಿ ಬೇರೆ ಕಡೆಯಿಂದ ಬರಬೇಕು. ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕುಲುಮೆಯ ಕಿಟ್ಟದ ಪುಡಿ, ಸಿಲಿಕಾ ಹೊಗೆಯ ಪುಡಿ, ಹದವಾಗಿ ಸುಟ್ಟ ಚೀನಿಜೇಡಿಯ ಪುಡಿ, ಭತ್ತದ ಹೊಟ್ಟಿನ ಬೂದಿ, ಸುಣ್ಣಕಲ್ಲಿನ ಪುಡಿ, ಇವು ಬರುವುದು ಹೀಗೆ. ಇವುಗಳ ಸ್ವಭಾವ ಒಂದೇ ಅಲ್ಲ. ಹಾರುಬೂದಿಯ ಕಣಗಳು ಗುಂಡಗಿದ್ದು ಒಂದರ ಮೇಲೊಂದು ಉರುಳಿ ಹರಿವಿಗೆ ಅನುಕೂಲಿಸುವುವು. ಸಿಮೆಂಟಿಗಿಂತ ಸುಮಾರು ನೂರು ಪಟ್ಟು ಸಣ್ಣದಾದ ಸಿಲಿಕಾ ಪುಡಿಯು ಜಿಗುಟನ್ನು ಹೆಚ್ಚಿಸಿ ನೀರನ್ನು ಹೀರುವುದು.

ಈಗ ಮೊದಲನೆಯ ಮಾತಿಗೆ ಬರೋಣ. 'ಸಾಂದ್ರ'ವೆಂದರೆ ದಟ್ಟವಾದದ್ದು. ಭೌತಶಾಸ್ತ್ರದ ಕನ್ನಡದಲ್ಲಿ ಸಾಂದ್ರತೆಯೆಂಬುದು ಗಾತ್ರಕ್ಕೆ ತಕ್ಕ ತೂಕದ ಅರ್ಥದಲ್ಲಿ ಆಗಲೇ ನೆಲೆನಿಂತಿದೆ. ಆದ್ದರಿಂದ 'ಸ್ವಯಂ ಸಾಂದ್ರೀಕರಣ'ವೆಂದು ಓದಿದ ವಿದ್ಯಾರ್ಥಿಯು ಇದೊಂದು ಹೆಚ್ಚು ಭಾರದ ಕಾಂಕ್ರೀಟೆಂದು ಭಾವಿಸಿದರೆ ತಪ್ಪು ಅವನದಲ್ಲ. ಇಂಗ್ಲಿಷನ್ನು ಕನ್ನಡಿಸುವ ಯಂತ್ರಗಳು ಹೊರಟಮೇಲೆ 'ಸ್ವಯಂ ಸಂಕುಚಿತ ಕಾಂಕ್ರೀಟು' ಎಂಬುದೂ ಕಣ್ಣಿಗೆ ಬೀಳುತ್ತಿದೆ. ಇದು ನಗುವ ವಿಷಯವಲ್ಲ. ಕಾಂಕ್ರೀಟು ಒಣಗುವಾಗ ಸಂಕುಚಿತವಾಗಿ ಬಿರಿಯುವುದು ಅದರ ಬೇರೊಂದು ದೋಷ. ಪುಡಿ ಹೆಚ್ಚಾಗಿ ಖಡಿ ಕಡಮೆಯಾದ ಈ ಬಗೆಯಲ್ಲಿ ಆ ದೋಷದ ಭಯ ಇನ್ನಷ್ಟು ಹೆಚ್ಚು. ಗುಣಕ್ಕೆ ದೋಷದ ಹೆಸರನ್ನಿಟ್ಟಂತಾಯಿತು.

ಹಾಗಾದರೆ ಆಡುಮಾತಿನಿಂದ ಒಂದು ಪದವನ್ನು ತೆಗೆದುಕೊಂಡರೆ ಆಗದೆ ಎಂದು ಕೇಳಬಹುದು. ಕಾಂಕ್ರೀಟು 'ಕೂರಬೇಕು' ಎಂಬುದು ಕೆಲಸದ ಸ್ಥಳದ ಮಾತು. 'ತಾನೇ ಕೂರುವ ಕಾಂಕ್ರೀಟು' ಎಂದರೆ ಕಿವಿಗೂ ಹಿತ. ಆದರೆ ಕೂರುವುದೆಂದರೆ ತಳಕ್ಕೆ ಇಳಿಯುವುದೂ ಹೌದಷ್ಟೆ. ಖಡಿ ತಳಕ್ಕೆ ಕೂರದಿರುವುದೇ ಈ ಕಾಂಕ್ರೀಟಿನ ಮುಖ್ಯ ಲಕ್ಷಣವಾದ್ದರಿಂದ ಈ ಪದವೂ ಸಲ್ಲದು. ದೇಸಿಯಾದುದೆಂಬ ಒಂದೇ ಕಾರಣಕ್ಕೆ ಪದವನ್ನು ಒಪ್ಪುವುದು, ಸಂಸ್ಕೃತವೆಂಬ ಒಂದೇ ಕಾರಣಕ್ಕೆ ಒಪ್ಪುವಷ್ಟೇ ಅವಿಚಾರದ್ದು. ನಮಗೆ ತೋರುವ ಮಟ್ಟಿಗೆ 'ಅಡಕ'ವೆಂಬುದು ತಕ್ಕ ಪದ. ಅಡಕುವುದೆಂದರೆ ಸಂದಿಲ್ಲದಂತೆ ಒತ್ತಿ ತುಂಬುವುದು. ಅಡಕವಾದ ವಾಕ್ಯವೆಂದು ನಾವು ತರಗತಿಯಲ್ಲಿ ಹೇಳುವಾಗಲೂ ಪೊಳ್ಳಿಲ್ಲದ ವಾಕ್ಯವೆಂದೇ ಅರ್ಥ. 'ತಾನೇ ಅಡಕವಾಗುವ ಕಾಂಕ್ರೀಟು' ಉದ್ದವಾಯಿತೆಂದು ಆಕ್ಷೇಪಿಸುವವರು 'ತನ್ನಡಕ'ವೆಂದು ಮೊಟಕುಮಾಡಿಕೊಳ್ಳಲಿ. ಇನ್ನು ಕಾಂಕ್ರೀಟೆಂಬ ಪದವನ್ನು ಬದಲಿಸುವ ಗೊಡವೆಗೆ ಯಾರೂ ಹೋಗಬೇಕಾದುದಿಲ್ಲ. ಲ್ಯಾಟಿನ್ನಿನಲ್ಲಿ ಅದಕ್ಕೆ 'ಕೂಡಿ ಬೆಳೆದದ್ದು' ಎಂದು ಅರ್ಥ. ಕನ್ನಡದ ಉಕಾರವನ್ನು ಧರಿಸಿ ಅದು ನಮ್ಮದಾಗಿ ಬಹುಕಾಲವಾಯಿತು.

ಎರಡನೆಯ ಮಾತು ಇನ್ನೂ ಹೆಚ್ಚಿನ ಅನರ್ಥಕ್ಕೆ ದಾರಿ. 'ಖನಿಜ'ವೆಂದರೆ ಗಣಿಯಲ್ಲಿ ಹುಟ್ಟಿದ್ದು. ಹಾರುಬೂದಿ ಹುಟ್ಟುವುದು ಹೊಗೆಯಲ್ಲಿ, ಕಿಟ್ಟ ಕುಲುಮೆಯಲ್ಲಿ, ಹೊಟ್ಟಿನ ಬೂದಿ ಭತ್ತದಿಂದ. ಇಂಗ್ಲಿಷಿನ ಮೂಲಪದಕ್ಕೆ ಜೀವವಿಲ್ಲದ ಘನವಸ್ತುಗಳನ್ನೆಲ್ಲ ಒಳಕೊಳ್ಳುವ ವ್ಯಾಪ್ತಿಯುಂಟು, ಕನ್ನಡದ ಖನಿಜಕ್ಕೆ ಆ ವ್ಯಾಪ್ತಿಯಿಲ್ಲ. ಇದನ್ನಾದರೂ ಸಹಿಸಬಹುದು. 'ಸೇರ್ಪಡೆ'ಯನ್ನು ಸಹಿಸುವುದು ಕಷ್ಟ. ಸೇರ್ಪಡೆಯೆಂದರೆ ಇದ್ದದ್ದಕ್ಕೆ ಮೇಲಿಂದ ಕೂಡಿಸಿದ್ದು, ಪುಸ್ತಕದ ಕೊನೆಯ ಅನುಬಂಧದಂತೆ. ಇದ್ದರೆ ಲೇಸು, ಇಲ್ಲದಿದ್ದರೆ ನಷ್ಟವಿಲ್ಲ. ಪುಡಿಯ ತೂಕದ ನೂರರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿ ಬೀಳುವ ರಸಾಯನಕ್ಕೆ ಆ ಹೆಸರು ಒಪ್ಪುವುದು. ಆದರೆ ಮಿಶ್ರಣಕ್ಕೆ ಮೈಕೊಡುವ ಪುಡಿಗೂ ಅದೇ ಹೆಸರನ್ನಿಟ್ಟು, ರಾಸಾಯನಿಕ ಸೇರ್ಪಡೆ ಖನಿಜ ಸೇರ್ಪಡೆ ಎಂದು ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಉಪ್ಪನ್ನೂ ಹಿಟ್ಟನ್ನೂ ಒಗ್ಗರಣೆಯೆಂದಂತೆ. ಇಂಗ್ಲಿಷಿನವರೇ ಈಚೆಗೆ ಈ ವರ್ಗೀಕರಣದಿಂದ ಹಿಂಜರಿದು, ಸಿಮೆಂಟಿಗೆ ಪೂರಕವಾದ ದ್ರವ್ಯಗಳೆಂಬ ಹೆಸರಿನತ್ತ ಸರಿದಿರುವರು. ಅವರು ಬಿಟ್ಟುದನ್ನು ನಾವು ಅನುವಾದಿಸುತ್ತಿರುವೆವು. ಸಿಮೆಂಟೂ ಸೇರಿದಂತೆ ಮಿಶ್ರಣದ ಸೂಕ್ಷ್ಮಭಾಗಕ್ಕೆಲ್ಲ 'ನುಣ್ಪುಡಿ'ಯೆಂದೂ, ಅದರಲ್ಲಿ ಸಿಮೆಂಟಲ್ಲದ್ದಕ್ಕೆ 'ಪೂರಕ ನುಣ್ಪುಡಿ'ಯೆಂದೂ ಕರೆದು, ಸೇರ್ಪಡೆಯೆಂಬುದನ್ನು ರಸಾಯನಕ್ಕೆ ಬಿಟ್ಟುಕೊಟ್ಟರೆ ಗೊಂದಲ ನಿಲ್ಲುವುದು.

ಪದದ ಈ ವ್ಯತ್ಯಾಸದಿಂದ ಯಾರಿಗೇನು ನಷ್ಟವೆನ್ನುವವರಿಗಾಗಿ ಗದಗ ತಾಲೂಕಿನ ಅಸುಂಡಿಯನ್ನು ಉದಾಹರಿಸುತ್ತೇನೆ. ಅಂತಹ ಊರಿನ ಮನೆಯ ಮಾಳಿಗೆಗೆ ತನ್ನಡಕ ಕಾಂಕ್ರೀಟು ಬೇಕಿಲ್ಲ; ಅದು ದೊಡ್ಡ ಸೇತುವೆಗಳಿಗೂ ಸರಳುಗಳು ಕಿಕ್ಕಿರಿದ ಕಂಬಗಳಿಗೂ ತಕ್ಕುದು. ಆದರೆ ಅದರ ಪುಡಿ ಆಗಲೇ ಅಲ್ಲಿಗೂ ಬಂದಿದೆ. ಗೌಂಡಿಯು ಅಂಗಡಿಯಿಂದ ತರುವ ಚೀಲದ ಮೇಲೆ ಪಿ.ಪಿ.ಸಿ. ಎಂದಿದ್ದರೆ, ಹಾರುಬೂದಿಯ ಆ ಸಿಮೆಂಟಿನಲ್ಲಿ ಪ್ರಮಾಣಗ್ರಂಥದ ಪ್ರಕಾರ ನೂರಕ್ಕೆ ೧೫ರಿಂದ ೩೫ ಪಾಲು ಬೂದಿಯಿರುವುದು. ಕಿಟ್ಟದ ಸಿಮೆಂಟಾದರೆ ಕಿಟ್ಟದ ಪಾಲು ೨೫ರಿಂದ ೭೦. ಸೇರ್ಪಡೆಯೆಂದರೆ ತಾನು ಕೈಯಾರೆ ಕೂಡಿಸತಕ್ಕದ್ದೆಂದು ತಿಳಿದವನು, 'ನಾನು ಯಾವ ಸೇರ್ಪಡೆಯನ್ನೂ ಹಾಕಿಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುವನು. ಇದರ ಫಲವನ್ನು ನೋಡಿರಿ. ಮೇಲೆ ಹೇಳಿದ ೨೦೦೦ದ ಗ್ರಂಥವು ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕಡೆಯ ಪಕ್ಷ ೭ ದಿನ ನೀರುಣಿಸಬೇಕೆಂದೂ, ಇಂತಹ ಪುಡಿಗಳು ಕೂಡಿದ್ದರೆ ೧೦ ದಿನವೆಂದೂ, ಹವೆ ಒಣದಾಗಿ ಬಿಸಿಯಾಗಿದ್ದಲ್ಲಿ ಇವು ೧೦ ಮತ್ತು ೧೪ ದಿನಗಳಾಗಬೇಕೆಂದೂ ಹೇಳಿತು. ಗದಗ ಸೀಮೆಯ ಬೇಸಗೆ ಒಣದೋ ಬಿಸಿಯೋ ಎಂಬ ಸಂಶಯ ಆ ಕಡೆಯವರಾರಿಗೂ ಇರಲಾರದು. ಏಳು ದಿನಕ್ಕೆ ನೀರು ನಿಲ್ಲಿಸಿದ ಮಾಳಿಗೆಯಲ್ಲಿ ಬೂದಿಯ ಕೆಲಸ ಅರ್ಧಕ್ಕೆ ನಿಲ್ಲುವುದು. ಬೂದಿ ಇಲ್ಲದಿದ್ದರೆ ಆಗುತ್ತಿದ್ದುದಕ್ಕಿಂತಲೂ ಅದು ಮೆದುವಾಗಿ ಉಳಿಯುವುದು. ನೀರಿನ ಅಭಾವವಿರುವ ಊರಿನಲ್ಲಿ ಇನ್ನೊಂದು ವಾರ ನೀರು ಹೊರೆಂದು ಗೌಂಡಿಗೂ ಮನೆಯೊಡೆಯನಿಗೂ ಹೇಳಬೇಕಾದರೆ ಏಕೆಂಬುದನ್ನೂ ಹೇಳಬೇಕು. ಆ ಕಾರಣವು 'ಖನಿಜ ಸೇರ್ಪಡೆ'ಯೆಂಬ ಮಾತಿನೊಳಗೆ ಇಲ್ಲ.

ಆ ಕಾರಣವು ಇರುವುದು ಗಾರೆಯ ಹಳೆಯ ಮಾತಿನಲ್ಲಿ. ಸಿಮೆಂಟು ನೀರನ್ನು ಕುಡಿದಾಗ ಅಂಟಿನ ಜೊತೆಗೆ ಅರಳಿದ ಸುಣ್ಣವೂ ಹುಟ್ಟುವುದು. ಈ ಸುಣ್ಣದಿಂದ ಬಲವಿಲ್ಲ. ಬೂದಿಯೊಳಗಿನ ಸಿಲಿಕವು ನೀರಿದ್ದಷ್ಟು ಕಾಲ ಮೆಲ್ಲಮೆಲ್ಲನೆ ಆ ಸುಣ್ಣದೊಡನೆ ಕೂಡಿ ಮತ್ತಷ್ಟು ಅಂಟಾಗುವುದು. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರಸಿ, ಗಾಣದಲ್ಲಿ ಎತ್ತುಗಳಿಂದ ಅರೆಯಿಸಿ ಗಾರೆ ಮಾಡುತ್ತಿದ್ದಾಗ ನಡೆಯುತ್ತಿದ್ದುದೂ ಇದೇ. ೧೯೧೧ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದ್ದು ಇಂತಹ ಸುರ್ಕಿಗಾರೆಯಿಂದ. ರೋಮಿನವರು ನೇಪಲ್ಸ್ ನಗರದ ಬಳಿಯ ಪೊಜ್ಜುವೊಲಿಯ ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರಸಿದರು. ಇಂದಿಗೂ ಸಿಮೆಂಟಿನ ಚೀಲದ ಮೇಲಿನ ಎರಡನೆಯ 'ಪಿ' ಎಂಬುದು ಆ ಊರಿನ ಹೆಸರೇ. ಗಾರೆಯೆಂದರೇನೆಂದು ಬಲ್ಲ ಮುದುಕನಿಗೆ ಬೂದಿಯ ಸಿಮೆಂಟನ್ನು ಎರಡು ವಾಕ್ಯಗಳಲ್ಲಿ ತಿಳಿಸಬಹುದು. ಪಾರಿಭಾಷಿಕ ಕನ್ನಡದಲ್ಲಿ ಎರಡು ಪುಟ ಬರೆದರೂ ಅವನಿಗೆ ತಿಳಿಯದು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಪೂರಕ ಪುಡಿಗಳನ್ನೆಲ್ಲ 'ಸುರ್ಕಿ'ಯೆಂದು ಕರೆಯೋಣವೆಂಬ ಆಸೆ ಹುಟ್ಟುವುದು ಸಹಜ. ಸುರ್ಕಿಯೆಂಬುದು ಪಾರಸಿಯ 'ಸುರ್ಖ್' ಅಂದರೆ ಕೆಂಪು ಎಂಬುದರಿಂದ ಬಂದದ್ದು. ನಸುಬೂದು ಬಣ್ಣದ ಬೂದಿಗೂ ಬಿಳಿಯ ಜೇಡಿಗೂ ಅದು ಹೊಂದದು. ವ್ಯುತ್ಪತ್ತಿಯನ್ನು ಮರೆತರೂ, ಹಳೆಯ ಸುರ್ಕಿಗೆ ಹರಿವಿನ ವಿಷಯದಲ್ಲಿ ಯಾವ ಪಾತ್ರವೂ ಇರಲಿಲ್ಲವೆಂಬುದನ್ನು ಮರೆಯಲಾಗದು. ಗಾರೆಯನ್ನು ಕರಣೆಯಿಂದ ಒತ್ತಿ ತಟ್ಟುತ್ತಿದ್ದರು. ಈ ಹೊಸ ಕಾಂಕ್ರೀಟು ನಮ್ಮ ಪೂರ್ವಿಕರಿಗೆ ತಿಳಿದಿತ್ತೆಂದು ಹೇಳಹೊರಡುವವರಿಗೆ ಗದಗ ಸೀಮೆಯಲ್ಲಿ ಆಧಾರ ಸಿಕ್ಕುವುದಿಲ್ಲ. ಲಕ್ಕುಂಡಿಯ ಚಾಲುಕ್ಯ ಶಿಲ್ಪಿಗಳು ಕಲ್ಲಿಗೆ ಕಲ್ಲನ್ನು ಗಾರೆಯಿಲ್ಲದೆಯೇ ಕೂಡಿಸಿದವರು. ಅವರ ಹಿರಿಮೆ ಬೇರೆಯದು. ಹೋಲಿಕೆಯನ್ನು ಹುಡುಕಲೇಬೇಕಾದರೆ ಹಳ್ಳಿಯ ಮಣ್ಣಿನ ಮಾಳಿಗೆಯಲ್ಲಿ ಹುಡುಕಬೇಕು. ಮೇಲ್ಮುದ್ದೆಗೆ ಸವುಳು ಮಣ್ಣನ್ನು ತಂದು ಹಾಕುವ ರೂಢಿಯಲ್ಲಿ, ಆ ಮಣ್ಣಿನ ಕ್ಷಾರವು ಜೇಡಿಯ ಕಣಗಳನ್ನು ಬಿಡಿಸಿ ಸಂದುಗಳನ್ನು ಮುಚ್ಚಿ ಮಳೆನೀರು ಇಳಿಯದಂತೆ ತಡೆಯುವುದೆಂಬ ಅನುಭವಜ್ಞಾನ ಅಡಗಿದೆ. ಕಣಗಳನ್ನು ಬಿಡಿಸುವುದು, ಸಂದುಗಳನ್ನು ಸಣ್ಣ ಪುಡಿಯಿಂದ ತುಂಬುವುದು, ಇವೆರಡೂ ಹೊಸ ಕಾಂಕ್ರೀಟಿನ ತತ್ತ್ವಗಳೇ. ಅಷ್ಟು ಹೇಳಿ ನಿಲ್ಲಿಸುವುದು ಲೇಸು.

ನಮ್ಮ ನಾಡಿನಲ್ಲಿಯೇ ಈ ವಿದ್ಯೆ ಪರೀಕ್ಷೆಗೆ ಒಳಗಾದ ದೊಡ್ಡ ಸ್ಥಳ ಉತ್ತರ ಕನ್ನಡದ ಕೈಗಾ. ಅಲ್ಲಿಯ ಅಣುವಿದ್ಯುತ್ ಸ್ಥಾವರದ ಒಳಗುಮ್ಮಟದ ಒಂದು ಭಾಗವು ೧೯೯೪ರ ಮೇ ೧೩ರಂದು, ಕಟ್ಟುತ್ತಿದ್ದಾಗಲೇ, ಪದರು ಬಿಟ್ಟು ಕೆಳಗೆ ಬಿತ್ತು. ಇದಕ್ಕೆ ಮುಖ್ಯ ಕಾರಣ, ಬಾಗಿದ ಗುಮ್ಮಟದೊಳಗೆ ಬಿಗಿದೆಳೆದ ತಂತಿಗಳು ಹೊರಕ್ಕೆ ಸೆಳೆಯುವ ಬಲವನ್ನು ವಿನ್ಯಾಸದಲ್ಲಿ ಸಾಕಷ್ಟು ಎಣಿಸದಿದ್ದುದೇ ಹೊರತು ಪುಡಿಯ ಕೊರತೆಯಲ್ಲ. ಮತ್ತೆ ಕಟ್ಟುವಾಗ ಸಿಲಿಕಾ ಹೊಗೆಪುಡಿ ಬೆರಸಿದ ಹೆಚ್ಚು ಬಲದ ಕಾಂಕ್ರೀಟನ್ನು ಬಳಸಿದರು. ಮುಂದೆ ತನ್ನಡಕ ಕಾಂಕ್ರೀಟನ್ನೂ ಕೈಗಾದಲ್ಲಿ ಪ್ರಯೋಗಶಾಲೆಯಲ್ಲಿಯೂ ಮಾದರಿ ರಚನೆಗಳಲ್ಲಿಯೂ ಪರೀಕ್ಷಿಸಿದರು. ಅದರ ವಿವರ ೨೦೦೪ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಕನ್ನಡನಾಡಿನಲ್ಲಿ ನಡೆದ ಕೆಲಸವನ್ನು ಕನ್ನಡದ ಪಾಠದಲ್ಲಿ ಉದಾಹರಿಸಬೇಕಾದರೆ ಅಧ್ಯಾಪಕನು ಮೊದಲು ಪದಗಳನ್ನು ಹುಡುಕಿಕೊಳ್ಳಬೇಕಾಗಿದೆ.

'ಹದ'ವೆಂಬ ಪದದ ವಿಷಯವಾಗಿಯೂ ಒಂದು ಮಾತು ಹೇಳಬೇಕು. ಹಿಟ್ಟಿಗೂ ಮಣ್ಣಿಗೂ ಮಳೆಗೂ ಕಬ್ಬಿಣಕ್ಕೂ ಸಲ್ಲುವ ಈ ಪದಕ್ಕೆ ಸಮನಾದುದು ಇಂಗ್ಲಿಷಿನಲ್ಲಿ ಇಲ್ಲವೆಂದು ಹೆಮ್ಮೆಪಡುವವರು ಉಂಟು. ಹೆಮ್ಮೆ ಸರಿಯೇ. ಆದರೆ ಗೌಂಡಿಯ ಹದವು ಅವನ ಕೈಯಲ್ಲಿರುವುದು. 'ಮಾಲು ಬಿರುಸಾಯಿತು' ಎಂದು ಆ ಕೈಗೆ ತೋರಿದೊಡನೆ ಇನ್ನೊಂದು ಕೊಡ ನೀರು ಬೀಳುವುದು. ತನ್ನಡಕ ಕಾಂಕ್ರೀಟಿನಲ್ಲಿ ಅನರ್ಥಕ್ಕೆ ಅದೊಂದೇ ಕೊಡ ಸಾಕು. ಮಳೆಗಾಲದ ಉಸುಕಿನೊಳಗೆ ಕಾಣದೆ ಇರುವ ತೇವವೂ ಸಾಕು. ಆದಕಾರಣ ಇಲ್ಲಿಯ ಹದವನ್ನು ಅಳೆಯುವರು. ಲೋಹದ ಶಂಕುವಿನಲ್ಲಿ ತುಂಬಿ, ಶಂಕುವನ್ನು ಎತ್ತಿ, ಹರಡಿದ ವೃತ್ತದ ಅಡ್ಡಳತೆಯನ್ನು ನೋಡುವರು: ೫೫೦ರಿಂದ ೬೫೦ ಮಿಲಿಮೀಟರು ಒಂದು ತರಗತಿ, ೬೬೦ರಿಂದ ೭೫೦ ಇನ್ನೊಂದು, ೭೬೦ರಿಂದ ೮೫೦ ಮೂರನೆಯದು. ಹರಡಿದ ಅಂಚಿನಲ್ಲಿ ನೀರಿನ ಉಂಗುರ ಕಾಣಿಸಿದರೆ, ಅಥವಾ ಖಡಿಯೆಲ್ಲ ನಡುವೆ ಗುಪ್ಪೆಯಾಗಿ ನಿಂತರೆ, ಅಳತೆ ಸರಿಯಿದ್ದರೂ ಹದ ಕೆಟ್ಟಿತು. ಹದಕ್ಕೆ ಅಂಕೆಯನ್ನು ಜೋಡಿಸಿ 'ಹರಿವಿನ ಹದ ೭೦೦' ಎಂದು ಬರೆಯಲು ಅಡ್ಡಿಯೇನೂ ಇಲ್ಲ. ಹಾಗೆ ಬರೆದಲ್ಲಿ ಹಳೆಯ ಪದವು ಹೊಸ ಶಿಸ್ತಿಗೆ ಒಳಪಡುವುದು, ಹೊಸ ಅಳತೆಯು ಕೈಕಸುಬಿನವನ ಬುದ್ಧಿಗೆ ನಿಲುಕುವುದು. 'ಕಾರ್ಯಸಾಧ್ಯತೆ'ಯೆಂದು ಇದೇ ಅರ್ಥದಲ್ಲಿ ಪ್ರಯೋಗಿಸುತ್ತಿರುವ ಪದವು ಸರ್ಕಾರದ ಯೋಜನಾವರದಿಗೆ ಹೆಚ್ಚು ಒಪ್ಪುವುದು.

ಕೊನೆಯದಾಗಿ ಕಿಟ್ಟದ ವಿಷಯ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣದಿಂದ ಬೇರೆಯಾಗಿ ಬೀಳುವ ಕಸಕ್ಕೆ ಕಿಟ್ಟವೆಂಬ ಹೆಸರು ಹಳೆಯದು; ತೋರಣಗಲ್ಲಿನಂತಹ ಉಕ್ಕಿನ ಕಾರ್ಖಾನೆಯ ದೊಡ್ಡ ಕುಲುಮೆಯಲ್ಲಿ ತೇಲುವ ಕಸಕ್ಕೂ ಅದನ್ನೇ ಬಳಸಬಹುದು. ಆದರೆ ಆ ಕಸವು ತಾನಾಗಿ ನಿಧಾನವಾಗಿ ಆರಿದರೆ ಬರಿಯ ಕಲ್ಲಾಗುವುದು. ರಸ್ತೆಗೆ ಹಾಸಲು ಬಂದೀತು, ಸಿಮೆಂಟಿನೊಡನೆ ಕೂಡಲಾರದು. ಕರಗಿರುವಾಗಲೇ ನೀರಿಗೆ ಸುರಿದು ಒಮ್ಮೆಗೇ ಆರಿಸಿದರೆ ಮಾತ್ರ ಗಾಜಿನಂತಹ ಹರಳಾಗಿ, ಅರೆದಾಗ ಅಂಟಿನ ಗುಣವನ್ನು ಪಡೆಯುವುದು. ಎರಡನ್ನೂ ಕಿಟ್ಟವೆಂದೇ ಬರೆದರೆ, ಓದಿದವನು ರಸ್ತೆಯ ಕಿಟ್ಟವನ್ನು ಅರೆದು ಸಿಮೆಂಟಿಗೆ ಬೆರಸಿಯಾನು. ಎರಡನೆಯದಕ್ಕೆ, ಆದೇಶಸಂಧಿಯ ನಿಯಮದಂತೆ, 'ನೀರ್ಗಿಟ್ಟ'ವೆಂದು ಹೆಸರಿಡಬಹುದೆಂದು ನಮಗೆ ತೋರುತ್ತದೆ. ನೀರಿನಲ್ಲಿ ಆರಿದ್ದೆಂಬ ಅರ್ಥಕ್ಕೆ ಬದಲು ನೀರಿನಂತೆ ತೆಳುವಾದದ್ದೆಂಬ ಅರ್ಥ ಹುಟ್ಟೀತೆಂದು ವೈಯಾಕರಣರು ಶಂಕಿಸಿದರೆ 'ನೀರಾರಿದ ಕಿಟ್ಟ'ವೆಂದು ಬಿಡಿಸಿ ಬರೆಯಲಿ. ಎರಡರಲ್ಲಿ ಯಾವುದು ಗೌಂಡಿಯ ಬಾಯಲ್ಲಿ ಉಳಿಯುವುದೋ ಅದನ್ನು ಕೋಶದಲ್ಲಿ ದಾಖಲಿಸಬಹುದು.